ಹಿಡಿಯಕ್ಕಿ ಗುಡ್ಡ

ಕುಂಬ್ರಿಹೊಳೆ ಕಡಲು ಸೇರುವ ಅಳಿವೆಯ ತೆಂಕಣ ದಂಡೆಯಲ್ಲಿ, ತೊರೆಬಾಗಿಲು ಎಂಬ ಊರಿನ ಬೆನ್ನಿಗೆ ಒಂದು ಕುಳ್ಳ ಗುಡ್ಡವಿದೆ. ಗುಡ್ಡ ಎನ್ನುವುದೂ ಒಂದು ಮರ್ಯಾದೆಯ ಮಾತೇ. ಬಾಯಿಗೆ ಹಾಕಿದ ಎಲೆಯಡಿಕೆ ಜಗಿದು ಮುಗಿಯುವುದರೊಳಗೆ ನೆತ್ತಿ ತಲುಪಿರುತ್ತೇವೆ. ಕೆಂಪು ಮುರಕಲ್ಲಿನ ಮೈ, ಅಲ್ಲಲ್ಲಿ ಗೇರುಮರ, ಮಳೆಗಾಲ ಕಳೆದ ಮೇಲೆ ಮೊಣಕಾಲುದ್ದದ ಕರಡದ ಹುಲ್ಲು. ಈಚೆಗೆ ಒಂದು ಮೊಬೈಲ್ ಟವರು ಬಂದಿದೆ. ಅದರ ತಂತಿಬೇಲಿಯ ಮೇಲೆ ಊರವರು ಬಲೆ ಒಣಗಿಸುತ್ತಾರೆ. ಸಂಜೆ ಹೊತ್ತು ಸೂರ್ಯ ಮುಳುಗುವುದನ್ನು ನೋಡಲೆಂದು ಪರವೂರಿನವರು ಕಾರಿನಲ್ಲಿ ಬರುತ್ತಾರೆ, ಬಂದವರು ಹೆಸರು ಕೇಳುತ್ತಾರೆ. 'ಹಿಡಿಯಕ್ಕಿ ಗುಡ್ಡ' ಎಂದರೆ ನಗುತ್ತಾರೆ. ಕೆಳಗಿನ ಚಹಾದಂಗಡಿಯವನು, ಗುಡ್ಡ ಇರುವುದೇ ಹಿಡಿ ಅಕ್ಕಿಯಷ್ಟು, ಅದಕ್ಕೇ ಆ ಹೆಸರು ಎಂದು ಹೇಳಿ ಅವರನ್ನು ಇನ್ನಷ್ಟು ನಗಿಸುತ್ತಾನೆ. ಅವನ ವ್ಯಾಪಾರ ಅವನಿಗೆ.

ಊರ ಹಿರಿಯರಿಗೆ ನಿಜವಾದ ಕಥೆ ಗೊತ್ತು, ಆದರೆ ಹೇಳಲು ಅಷ್ಟೇನೂ ಉತ್ಸಾಹವಿಲ್ಲ. ಶೌರ್ಯದ ಕಥೆಯಾಗಿದ್ದರೆ ಕೇಳುವ ಮೊದಲೇ ಹೇಳಿ ಮುಗಿಸುತ್ತಿದ್ದರು. ಇದರಲ್ಲಿ ಈಟಿಗಳಿವೆ, ಅವುಗಳಿಂದ ಸತ್ತವರಿಲ್ಲ. ಹಡಗಿದೆ, ಕಾಳಗವಿಲ್ಲ. ವೈರಿಯಂತೂ ಬರಲೇ ಇಲ್ಲ. ಇರುವುದೆಲ್ಲ ಕಾಯುವುದು, ಕಾದು ಕಾದು ಸುಸ್ತಾಗುವುದು. ಅಂಥ ಕಥೆ ಯಾರಿಗೆ ಬೇಕು ಎಂದು ಹಿರಿಯರು ಬಾಯಿ ಮುಚ್ಚಿಕೊಂಡಿರುತ್ತಾರೆ. ಎರಡು ಸಲ ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಕರಾವಳಿಯ ಐದಾರು ಹೊಳೆಗಳ ನಡುವಿನ ಸೀಮೆಯನ್ನು ಒಬ್ಬ ನಾಯಕ ಆಳುತ್ತಿದ್ದನಂತೆ. ಸಂಬಳ ಕೊಟ್ಟು ಸೈನ್ಯ ಸಾಕುವಷ್ಟು ದೊಡ್ಡ ದೊರೆಯೇನಲ್ಲ ಅವನು. ಮಳೆಗಾಲ ಮುಗಿದು ಕಡಲು ಬಾಯಿ ಬಿಟ್ಟಿತೆಂದರೆ ತೆಂಕಣಿಂದ ಕಡಲುಗಳ್ಳರು ಹಡಗು ಏರಿ ಬರುತ್ತಿದ್ದರು. ಅಳಿವೆಗಳಲ್ಲಿ ನುಗ್ಗಿ ಊರು ಸುಟ್ಟು, ದನ ಜನ ಎರಡನ್ನೂ ಹೊತ್ತೊಯ್ಯುತ್ತಿದ್ದರು. ಅದಕ್ಕಾಗಿ ನಾಯಕನ ಅಜ್ಜನ ಕಾಲದಲ್ಲೇ ಒಂದು ಕಟ್ಟಳೆಯಾಗಿತ್ತು. ಐದು ಒಲೆಗೆ ಒಂದು ಈಟಿ. ಅಂದರೆ ಅಡಿಗೆಯ ಒಲೆ ಉರಿಯುವ ಐದು ಮನೆ ಸೇರಿ ಒಬ್ಬ ಆಳನ್ನು ಕಾವಲಿಗೆ ಕೊಡಬೇಕು. ಐದು ಮನೆಗೂ ಸೇರಿ ಈಟಿ ಒಂದೇ. ಅದು ಒಂದು ವರ್ಷ ಒಂದು ಮನೆಯ ಬಾಗಿಲ ಪಕ್ಕ ತೂಗುತ್ತದೆ, ಯುಗಾದಿಗೆ ಮುಂದಿನ ಮನೆಗೆ ಹೋಗುತ್ತದೆ. ಕರೆ ಬಂದ ದಿನ ಅದು ಯಾರ ಬಾಗಿಲಲ್ಲಿದೆಯೋ ಆ ಮನೆಯ ಗಂಡಸು ಹೊರಡಬೇಕು. ಉಳಿದ ನಾಲ್ಕು ಮನೆಯವರು ಅವನ ಮನೆಯ ಜೊತೆ ಸೇರಿ ಒಂದು ಮುಡಿ ಅಕ್ಕಿ ಕಟ್ಟಿಕೊಡಬೇಕು. ಹುಲ್ಲಿನಲ್ಲಿ ಬಿಗಿದು ಸುತ್ತಿದ ಆ ಮುಡಿಗೆ ಅರಿಸಿನದ ಐದು ಬೆರಳ ಗುರುತು. ಒಬ್ಬ ದುಡಿಯುವ ಗಂಡಸಿಗೆ ಎರಡು ತಿಂಗಳಿಗೆ ಸರಿಯಾಗಿ ಆಗುವಷ್ಟು ಅಕ್ಕಿ ಅದು.

ಮುಡಿ ಮುಗಿದರೆ ಪಾಳಿ ಮುಗಿಯಿತು. ಇದು ಕಟ್ಟಳೆಯ ತಿರುಳು. ತಿಂಗಳು ತಿಥಿ ಎಣಿಸುವ ತಂಟೆಯೇ ಇಲ್ಲ, ಅಕ್ಕಿ ಇರುವವರೆಗೆ ಕಾವಲು. ಆದರೆ ಮನುಷ್ಯ ಎಲ್ಲಿ ಕಟ್ಟಳೆ ಇದೆಯೋ ಅಲ್ಲಿ ಕಿಂಡಿ ಹುಡುಕುತ್ತಾನೆ. ಮೊದಮೊದಲು ಕೆಲವರು ಅಕ್ಕಿಯನ್ನು ಪಕ್ಕದವನಿಗೆ ತಿನ್ನಿಸಿ ತಾವು ಬೇಗ ಮನೆಗೆ ಓಡಿದರಂತೆ. ಅದಕ್ಕೆ ಇನ್ನೊಂದು ಗಂಟು ಬಿತ್ತು: ಒಬ್ಬನ ಮುಡಿಯ ಅಕ್ಕಿಯಲ್ಲಿ ಒಂದು ತುತ್ತು ಉಂಡವನು, ಯಾರೇ ಆಗಲಿ, ಆ ಮುಡಿ ಮುಗಿಯುವವರೆಗೆ ಅವನೊಡನೆ ಕಾವಲಿಗೆ ಬದ್ಧ. ಇನ್ನು ಒಂದು ಹಡಗಿನಲ್ಲಿ ಬಂದವರ ಪೈಕಿ ಕೊನೆಯವನ ಮುಡಿ ಮುಗಿದ ದಿನ, ಕಾವಲಿನ ಮೇಲಾಳಾದ ಗುರಿಕಾರ ಡೋಲು ಬಡಿಸಿ ಪಾಳಿ ಎತ್ತುತ್ತಿದ್ದ. ಆ ಡೋಲಿನ ಹೊತ್ತಿಗೆ ಯಾರ ಸುಳಿವು ಇಲ್ಲವೋ ಅವರ ಹೆಸರು ಕೂಗಿ, ಇವರು ಇನ್ನಿಲ್ಲ ಎಂದು ಸಾರುತ್ತಿದ್ದ. ಅಂದೇ ಅವರ ಹೆಂಡಿರ ಬಳೆ ಒಡೆಯಬೇಕು.

ಆ ವರ್ಷ ಶ್ರಾವಣದ ನೂಲುಹುಣ್ಣಿಮೆಗೆ ಕರೆ ಬಂದಾಗ ಮೇಲ್ಗದ್ದೆ ಎಂಬ ಊರಿನಲ್ಲಿ ಈಟಿ ತೂಗುತ್ತಿದ್ದುದು ಹಮ್ಮಣ್ಣನ ಬಾಗಿಲಲ್ಲಿ. ಮೇಲ್ಗದ್ದೆ ಇಲ್ಲಿಂದ ಬಡಗಣಕ್ಕೆ, ಕಡಲಲ್ಲಿ ಒಂದೂವರೆ ದಿನದ ಹಾದಿ, ನಡೆದರೆ ಮೂರು ದಿನ. ಹಮ್ಮಣ್ಣನಿಗೆ ಆಗ ನಲವತ್ತೈದರ ಮೇಲೆ. ಮಕ್ಕಳಿಲ್ಲ. ಹೆಂಡತಿ ಬೀರಮ್ಮ, ಎರಡು ತುಂಡು ಗದ್ದೆ, ಒಂದು ಜೊತೆ ಎತ್ತು. ಈಟಿಯನ್ನು ಅವನು ಆವರೆಗೆ ಬಳಸಿದ್ದು ಒಂದೇ ಸಲ, ಅಟ್ಟದ ಮೇಲಿಂದ ಹಲಸಿನಕಾಯಿ ಉರುಳಿಸುವುದಕ್ಕೆ. ಗದ್ದೆಯಲ್ಲಿ ಪೈರು ಹಸಿರಾಗಿ ನಿಂತಿತ್ತು. ಕೊಯ್ಲಿಗೆ ಬೀರಮ್ಮ ಒಬ್ಬಳ ಕೈಲಿ ಏನಾದೀತು? "ಹೊಸ್ತಿನ ಊಟಕ್ಕೆ ಬಂದೇ ಬತ್ತೆ. ಹೊಸ ಅಕ್ಕಿ ಅನ್ನ ನೀನು ಬಡಿಸಬೇಕು, ನಾನು ಉಣ್ಣಬೇಕು" ಎಂದು ಹೇಳಿ ಅವನು ಮುಡಿ ಹೆಗಲಿಗೇರಿಸಿದ. ಅವಳು ಹೋಗಿ ಬನ್ನಿ ಎಂದಳಂತೆ. ಹೊರಡುವವನಿಗೆ ಬಾ ಎನ್ನಬೇಕೇ ಹೊರತು ಹೋಗಬೇಡ ಎನ್ನಬಾರದು.

ಹಮ್ಮಣ್ಣನಲ್ಲಿ ಒಂದು ರೂಢಿ ಇತ್ತು. ದುರ್ಗುಣವಲ್ಲ, ಸದ್ಗುಣವೇ, ಅವನನ್ನು ಹಾಳು ಮಾಡಿದ್ದೂ ಅದೇ. ಅವನು ಹುಟ್ಟಿದ ಮನೆಯಲ್ಲಿ ಬರ ಕಂಡಿದ್ದರು. ಅವನ ತಾಯಿ ದಿನಾ ಅಡಿಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ತಿರುಗಿ ಮಡಕೆಗೆ ಹಾಕುತ್ತಿದ್ದಳು. ನಾಳೆ ಎಂಬುದೊಂದು ಇದೆಯಲ್ಲ ಎನ್ನುತ್ತಿದ್ದಳು. ನಮ್ಮ ಕಡೆಯ ಹೆಂಗಸರೆಲ್ಲ ಹಾಗೆಯೇ ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ತಾಯಿಯ ಕೈ ಮಗನಿಗೆ ಬಂದಿತ್ತು. ಅಕ್ಕಿ ಅಳೆದರೆ ಅವನ ಕೈ ತಾನಾಗಿ ಒಂದು ಹಿಡಿ ಹಿಂದಕ್ಕೆ ಹಾಕುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಹಡಗು ಎಂದರೆ ದೊಡ್ಡ ಮಚವೆ, ಹಾಯಿ ಹಾಕುವ ಮರದ ದೋಣಿ. ಜಟ್ಟಯ್ಯ ಎಂಬ ತಂಡೇಲ ಅದರ ಯಜಮಾನ, ಚುಕ್ಕಾಣಿಯೂ ಅವನದೇ. ಹೊಳೆಹೊಳೆಯ ಬಾಯಲ್ಲಿ ನಿಂತು ಅವನು ಈಟಿಯಾಳುಗಳನ್ನು ಹತ್ತಿಸಿಕೊಂಡ. ನಲವತ್ತು ಜನ, ನಲವತ್ತು ಮುಡಿ. ಮುಡಿಗಳನ್ನೆಲ್ಲ ಹಡಗಿನ ಹೊಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿದರು, ಅದೇ ಅದಕ್ಕೆ ತಳಭಾರ. ಈಟಿಗಳನ್ನು ಮೊನೆ ಹಿಂದಕ್ಕೆ ಮಾಡಿ ನಡುವೆ ಉದ್ದಕ್ಕೆ ಮಲಗಿಸಿದರು. ಗಾಳಿ ಇದ್ದಾಗ ಹಾಯಿ, ಇಲ್ಲದಾಗ ಇಪ್ಪತ್ತು ಇಪ್ಪತ್ತು ಜನ ಎರಡು ಬದಿಗೆ ಕುಳಿತು ಹುಟ್ಟು ಹಾಕಬೇಕು. ನೇಗಿಲು ಹಿಡಿದವರಿಗೆ ಹುಟ್ಟು ಹಿಡಿಯುವುದೆಂದರೇನು? ಮೊದಲ ದಿನವೇ ಅಂಗೈ ಬೊಬ್ಬೆ ಎದ್ದಿತು. ಅರ್ಧದಷ್ಟು ಜನ ಕಡಲ ನೀರಿಗೆ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದರು. ಇವರನ್ನು ನೋಡಿದರೆ ಕಳ್ಳರು ಹೆದರುವುದಿಲ್ಲ, ಪಾಪ ಎಂದು ಬಿಟ್ಟು ಹೋದಾರು ಎಂದು ಜಟ್ಟಯ್ಯ ಹೇಳಿದನಂತೆ. ತೊರೆಬಾಗಿಲಿನ ಗುಡ್ಡದ ಬುಡದಲ್ಲಿ ಇಳಿದಾಗ ಅವರಲ್ಲಿ ಒಬ್ಬರಿಗೂ ನೆಟ್ಟಗೆ ನಿಲ್ಲುವ ಶಕ್ತಿ ಇರಲಿಲ್ಲ.

ಗುಡ್ಡದ ಮೇಲೆ ಮಂಜ ಎಂಬ ಗುರಿಕಾರ ಅವರನ್ನು ಸಾಲು ನಿಲ್ಲಿಸಿದ. ಈಟಿ ಹಿಡಿಯುವುದನ್ನು ಕಲಿಸಿದ. ಮುಂದಿನ ಸಾಲು ಮಂಡಿಯೂರಿ, ಹಿಂದಿನ ಸಾಲು ಅವರ ಹೆಗಲ ಮೇಲಿಂದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಉಳಿದ ಹೊತ್ತೆಲ್ಲ ತೆಂಕಣ ಕಡಲನ್ನು ನೋಡುವುದು. ಹಾಯಿ ಕಂಡರೆ ಎದ್ದು ಓಡುವುದು, ಅದು ಉಪ್ಪಿನ ದೋಣಿಯೆಂದು ಗೊತ್ತಾದ ಮೇಲೆ ತಿರುಗಿ ಬಂದು ಕೂರುವುದು. ಭಾದ್ರಪದ ಹೋಯಿತು. ಬಿಸಿಲು, ನಡುವೆ ಒಂದು ಮಳೆ, ಮತ್ತೆ ಬಿಸಿಲು. ಕಳ್ಳರು ಬರಲಿ, ಬಂದು ಕಡಿದಾಡಿ ಒಂದು ತೀರ್ಮಾನವಾಗಲಿ ಎಂದು ಕೆಲವರು ಹರಕೆ ಹೊತ್ತದ್ದೂ ಉಂಟಂತೆ. ಹಮ್ಮಣ್ಣ ಹರಕೆ ಹೊರಲಿಲ್ಲ. ಅವನು ಕಡಲಿಗೆ ಬೆನ್ನು ಮಾಡಿ ಕುಳಿತು ಕೆಳಗಿನ ಊರಿನ ಗದ್ದೆ ನೋಡುತ್ತಿದ್ದ. ಇಲ್ಲಿ ತೆನೆ ಬಾಗಿದರೆ ಅಲ್ಲಿಯೂ ಬಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಶ್ವಯುಜದ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಒಬ್ಬೊಬ್ಬರ ಮುಡಿ ಬರಿದಾಯಿತು. ಮೂವತ್ತೊಂಬತ್ತು ಮುಡಿಗಳ ಹುಲ್ಲನ್ನು ಕೊಡವಿ ಕೊಡವಿ ನೋಡಿ ಆಯಿತು. ಆಗ ಎಲ್ಲರ ಕಣ್ಣು ಹಮ್ಮಣ್ಣನ ಮುಡಿಯ ಮೇಲೆ ಬಿತ್ತು. ಅದರಲ್ಲಿ ಇನ್ನೂ ಮೂರರಲ್ಲಿ ಒಂದು ಪಾಲು ಅಕ್ಕಿ. ಇಪ್ಪತ್ತು ದಿನಕ್ಕೆ ಅಡ್ಡಿಯಿಲ್ಲ. ಕೊನೆಯ ಮುಡಿ ಮುಗಿಯದೆ ಡೋಲಿಲ್ಲ, ಡೋಲಿಲ್ಲದೆ ಹಡಗಿಲ್ಲ.

"ಹಮ್ಮಣ್ಣ, ನಿಂದು ಮುಡಿಯೋ, ಅಕ್ಷಯಪಾತ್ರೆಯೋ?" ಎಂದು ಕೇಳಿದವನು ಗೊಯ್ದ. ಮದುವೆಯಾಗಿ ವರ್ಷ ತುಂಬದ ಹುಡುಗ, ಹೆಂಡತಿಯ ಹೆಸರು ಪಾರಕ್ಕ, ಅವಳ ಹೆಸರು ಹೇಳದೆ ಅವನಿಗೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಮೊದಲ ದಿನ ಎಲ್ಲರೂ ನಕ್ಕರು, ಹಮ್ಮಣ್ಣನೂ ನಕ್ಕ. ಮೂರನೆಯ ದಿನ ನಗುವವರಿಲ್ಲ. ಅವನಿಗೆ ಎರಡರಷ್ಟು ಬೇಯಿಸಿ ಕೂರಿಸಿದರು. ಉಂಡ, ಹೊಟ್ಟೆ ಉಬ್ಬರಿಸಿ ಎರಡು ದಿನ ಮಲಗಿದ. ಮಲಗಿದ ಎರಡು ದಿನವೂ ಗಂಜಿಯ ನೀರಲ್ಲೇ ಕಳೆಯಿತು, ಅಲ್ಲಿಗೆ ಅಕ್ಕಿ ಇದ್ದಷ್ಟೇ ಉಳಿಯಿತು. ಕಡಲಿಗೆ ಸುರಿದುಬಿಡು ಎಂದರು. ಒಮ್ಮೆ ಬೊಗಸೆ ತುಂಬಿಕೊಂಡು ನೀರಿನ ಅಂಚಿಗೆ ಹೋದನಂತೆ, ಕೈ ಬಿಡಿಸಲಾಗಲಿಲ್ಲ. ಬೇಸಾಯ ಮಾಡಿದವನ ಕೈ ಅದು, ಭತ್ತದ ಕಾಳು ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವವನು. ಕೊನೆಗೆ ಅವನು ಹಸಿದು ಕುಳಿತವರೆದುರೇ ಅನ್ನ ಇಟ್ಟು, ಉಣ್ಣಿ ಮಾರಾಯ್ರೇ ಎಂದು ಬೇಡಿಕೊಂಡ. ಅವರಿಗೆ ತಮ್ಮ ಅಕ್ಕಿ ಮುಗಿದು ವಾರವಾಗಿತ್ತು. ಕಪ್ಪೆಚಿಪ್ಪು, ಕಾಡುಗೆಣಸು ತಿಂದು ಬಾಯಿ ಒರಟಾಗಿತ್ತು. ಆದರೂ ಬಿಸಿ ಅನ್ನದಿಂದ ಮುಖ ತಿರುಗಿಸಿ ಕೂತರು. ಒಂದು ತುತ್ತು ಉಂಡರೆ ಈ ಮುಡಿಗೆ ತಾವೂ ಬದ್ಧರಾಗುತ್ತೇವೆ ಎಂದು ಅವರಿಗೆಲ್ಲ ಗೊತ್ತಿತ್ತು.

ಹಮ್ಮಣ್ಣನಿಗೆ ಬೇಸತ್ತು ಹೋಯಿತು. ಅವನೇ ಗುರಿಕಾರನ ಬಳಿ ಹೋಗಿ, ಇವರನ್ನು ಕಳಿಸಿಬಿಡಿ, ನನ್ನ ಅಕ್ಕಿ ಮುಗಿದ ದಿನ ನಾನು ನಡೆದು ಮನೆ ಸೇರುತ್ತೇನೆ ಎಂದ. ಗುರಿಕಾರನಿಗೂ ಅಷ್ಟೇ ಬೇಕಿತ್ತು. ಅವನ ಒಬ್ಬನೇ ಮಗ ಜಟ್ಟಯ್ಯನ ಹಡಗಿನಲ್ಲಿ ಹಾಯಿ ಕಟ್ಟುವ ಕೆಲಸಕ್ಕಿದ್ದ. ಅವನಿಗೆ ಬಡಗಣ ಊರಿನಲ್ಲಿ ಹೆಣ್ಣು ನಿಶ್ಚಯವಾಗಿತ್ತು. ಹಡಗು ಹೋಗಲಿ, ಡೋಲು ಮಾತ್ರ ಹಮ್ಮಣ್ಣನ ಮುಡಿ ಮುಗಿದ ಮೇಲೆಯೇ ಎಂದು ತೀರ್ಮಾನವಾಯಿತು. ತಂಡೇಲ ಜಟ್ಟಯ್ಯ ಮಾತ್ರ ಹಡಗಿನ ಹೊಟ್ಟೆ ನೋಡಿ ತಲೆ ಕೆರೆದುಕೊಂಡ. ಬರುವಾಗ ನಲವತ್ತು ಮುಡಿ ಭಾರವಿತ್ತು, ಈಗ ಏನೂ ಇಲ್ಲ, ಗಾಳಿ ಎದ್ದರೆ ಮಗುಚೀತು. ಮುರಕಲ್ಲು ಕಡಿದು ತುಂಬಿಕೊಳ್ಳೋಣ, ಎರಡು ದಿನದ ಕೆಲಸ ಎಂದ. ಎರಡು ದಿನ ಎಂದ ಕೂಡಲೆ ಮೂವತ್ತೊಂಬತ್ತು ಜನ ಒಟ್ಟಿಗೆ ಗಂಟಲೆತ್ತಿದರು. ಬಿಸಿಲು ಕಾದಿತ್ತು, ಕಡಲು ಎಣ್ಣೆ ಸುರಿದ ಹಾಗೆ ಮಲಗಿತ್ತು. ಜಟ್ಟಯ್ಯ ಕಲ್ಲಿನ ಮಾತು ಬಿಟ್ಟ. ಹಡಗು ಏರುವ ಮೊದಲು ಗೊಯ್ದ ಬಂದು ಹಮ್ಮಣ್ಣನ ಕಾಲು ಮುಟ್ಟಿದ. "ಹಿಂದೆ ಬಾ ಅಣ್ಣ, ತಡ ಮಾಡಬೇಡ. ಬೀರಮ್ಮತ್ತಿಗೆಗೆ ಹೇಳಿ ಬಿಡ್ತೆ, ನೀನು ಬತ್ತಾ ಇದ್ದೆ ಅಂತ" ಎಂದ. ಹಮ್ಮಣ್ಣ ಅವರನ್ನು ಗುಡ್ಡದ ಮೇಲಿಂದ ನೋಡಿದ. ಹಗುರಾದ ಹಡಗು ಬೇಗ ಬೇಗ ಹೋಗಿ ಕಡಲಿಗೆ ಚಾಚಿದ ಬಡಗಣ ಕೋಡಿನಾಚೆ ಮರೆಯಾಯಿತು.

ಆ ದಿನ ಮಧ್ಯಾಹ್ನದ ಮೇಲೆ ಚಿತ್ತಾ ಮಳೆ ಹೊಡೆಯಿತು. ಹಿರಿಯರು ಇಲ್ಲಿ ಕಥೆ ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಗಾಳಿ ಒಂದು ಜಾವ ಮಾತ್ರ ಇತ್ತಂತೆ. ಹಮ್ಮಣ್ಣನ ಗುಡಿಸಲಿನ ಮಾಡು ಹಾರಿತು, ಅವನು ಅದನ್ನು ಮರುದಿನ ಕಟ್ಟಿಕೊಂಡ. ಹಡಗಿನ ಚಿಂತೆ ಅವನಿಗೆ ಬರಲಿಲ್ಲವೆಂದಲ್ಲ. ಜಟ್ಟಯ್ಯ ಹಳೆಯ ತಂಡೇಲ, ಯಾವುದಾದರೂ ಹೊಳೆಯ ಬಾಯಿಗೆ ನುಗ್ಗಿಸಿರುತ್ತಾನೆ ಎಂದುಕೊಂಡ. ಬಳಿಕ ದಿನಕ್ಕೊಂದು ಅಳತೆ ಬೇಯಿಸಿ ಉಂಡ. ಈಗ ಹಿಡಿ ಹಿಂದಕ್ಕೆ ಹಾಕದಿರಲು ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದ ಎನ್ನುತ್ತಾರೆ. ಹೊಸ್ತು ಹೋಯಿತು. ಗದ್ದೆ ಕೊಯ್ಲಾಗಿರುತ್ತದೆ, ಇಲ್ಲವೇ ಹಂದಿ ಮೇದಿರುತ್ತದೆ, ಎರಡರಲ್ಲಿ ಒಂದು. ಹೇಗಾದರೂ ದೀಪಾವಳಿಗೆ ಮನೆಯಲ್ಲಿರಬಹುದು.

ಕೊನೆಯ ಒಂದು ಹಿಡಿ ಉಳಿದ ಬೆಳಿಗ್ಗೆ ಅವನು ಗಂಟು ಕಟ್ಟಿ, ಈಟಿ ಒರಸಿ, ಒಲೆಗೆ ಬೆಂಕಿ ಹಾಕಿ ಕೂತ. ನೀರು ಕುದಿಯುತ್ತಿತ್ತು. ಆಗ ಗುಡ್ಡದ ಬಡಗಣ ಹಾದಿಯಲ್ಲಿ ಹೆಂಗಸರು ಏರಿ ಬಂದರು. ಏಳೆಂಟು ಜನ, ಕಾಲೆಲ್ಲ ಕೆಂಪು ಧೂಳು, ಮೂರು ದಿನ ನಡೆದವರು. ಮುಂದೆ ಬಂದವಳು ಹದಿನೆಂಟರ ಹೆಣ್ಣು. ಹಡಗೆಲ್ಲಿ ಎಂದು ಕೇಳಿದಳು. ಹೋಗಿ ಎರಡು ವಾರವಾಯಿತಲ್ಲ ಎಂದ ಹಮ್ಮಣ್ಣ. ಯಾವ ಹೊಳೆಗೂ ಬಂದಿಲ್ಲ, ಯಾವ ದಂಡೆಯಲ್ಲೂ ಹಲಗೆ ಬಿದ್ದಿಲ್ಲ, ನೋಡಿಕೊಂಡೇ ಬಂದೆವು ಎಂದು ಅವಳು ಹೇಳಿದಳು. ನೀನು ಯಾರ ಪೈಕಿ ಎಂದಾಗ, ಗೊಯ್ದನ ಮನೆಯವಳು ಎಂದಳು. ಪಾರಕ್ಕ. ಎರಡು ತಿಂಗಳು ಆ ಹೆಸರು ಕೇಳಿ ಕೇಳಿ ಅವಳು ಅವನಿಗೆ ಸ್ವಂತ ನಾದಿನಿಯಷ್ಟು ಪರಿಚಿತಳಾಗಿದ್ದಳು.

ಅವಳು ಒಲೆಯ ಕಡೆ ನೋಡಿದಳು, ಗಂಟಿನ ಕಡೆ ನೋಡಿದಳು. "ಭಾವ, ನಿಮ್ಮ ಅಕ್ಕಿ ಮುಗೀತಾ?"

"ಇದೇ ಕಡೇ ಹಿಡಿ, ಅಮ್ಮಾ."

"ಹಾಗಾದ್ರೆ ಇವತ್ತೇ ಡೋಲು."

ಅವನು ತಲೆ ತಗ್ಗಿಸಿದ. ಡೋಲು ಬಡಿದರೆ ಮೂವತ್ತೊಂಬತ್ತು ಹೆಸರು ಕೂಗುತ್ತಾರೆ, ಹಡಗಿನ ಜನ ಬೇರೆ. ಪಾರಕ್ಕ ಅಳಲಿಲ್ಲ. ಸೆರಗಿನ ತುದಿಯಲ್ಲಿ ದಾರಿಯ ಬುತ್ತಿಗೆಂದು ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಒಂದು ಹಿಡಿ ಅಕ್ಕಿ ತೆಗೆದು ಅವನ ಮುಡಿಯ ಹುಲ್ಲಿನೊಳಗೆ ಹಾಕಿದಳು. ಹಿಂದಿದ್ದವಳೂ ಹಾಕಿದಳು. ಒಬ್ಬೊಬ್ಬಳಾಗಿ ಎಲ್ಲರೂ ಹಾಕಿದರು. ಒಬ್ಬಳೂ ಬೇಡಿಕೊಳ್ಳಲಿಲ್ಲ. ಅಕ್ಕಿ ಇರುವವರೆಗೆ ಪಾಳಿ ಇದೆ, ಪಾಳಿ ಇರುವವರೆಗೆ ಅವರ ಗಂಡಂದಿರು ಕಾವಲಿಗೆ ಹೋದವರು, ಅಷ್ಟೇ. ಹಮ್ಮಣ್ಣ ಬೇಡ ಎನ್ನಬಹುದಿತ್ತು. ಎದ್ದು ಗಂಟು ಹೆಗಲಿಗೆ ಹಾಕಿ ನಡೆಯಬಹುದಿತ್ತು. ಅವನ ಜೀವವೆಲ್ಲ ಮೇಲ್ಗದ್ದೆಯಲ್ಲಿತ್ತು. ಆದರೆ ಅವನ ಕಣ್ಣು ಆ ಹೆಣ್ಣಿನ ಕೈಯ ಹಸಿರು ಬಳೆಗಳ ಮೇಲೆ ಬಿತ್ತು, ಅವನು ಕಟ್ಟಿದ ಗಂಟನ್ನು ಬಿಚ್ಚಿದ.

ಗುರಿಕಾರನನ್ನು ಕೇಳಿದರು. ಬೇರೆ ಒಲೆಯ ಅಕ್ಕಿ ಮುಡಿಗೆ ಸಲ್ಲುತ್ತದೆಯೇ ಎಂದು. ಅವನ ಮಗನೂ ಅದೇ ಹಡಗಿನಲ್ಲಿ ಹೋದವನು. ಗುರಿಕಾರ ಕೈಯಲ್ಲಿದ್ದ ಡೋಲಿನ ಕೋಲನ್ನು ಕೆಳಗಿಟ್ಟು, "ಅಕ್ಕಿ ಅಕ್ಕಿಯೇ" ಎಂದನಂತೆ. ಡೋಲನ್ನು ಅಟ್ಟಕ್ಕೆ ಹಾಕಿಸಿದ.

ಹೀಗೆ ಅದು ನಡೆಯಿತು. ಹಡಗು ಹತ್ತಿ ಹೋದವರ ಮನೆಯ ಹೆಂಗಸರು ಹುಣ್ಣಿಮೆಗೆ ಕೆಲವರು ಅಮಾವಾಸ್ಯೆಗೆ ಕೆಲವರು ಸರದಿ ಮಾಡಿಕೊಂಡು ಬಂದರು. ತಲಾ ಒಂದು ಹಿಡಿ ತಂದರು, ಬರಲಾಗದವರು ಬರುವವರ ಕೈಲಿ ಕಳಿಸಿದರು. ಹನಿ ಹನಿಗೂಡಿದರೆ ಹಳ್ಳ ಅಲ್ಲವೇ? ಹಮ್ಮಣ್ಣ ಉಂಡಷ್ಟೂ ತುಂಬುತ್ತಿತ್ತು. ಕಳ್ಳರು ಆ ವರ್ಷವೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನಾಯಕ ಸತ್ತು ಅವನ ತಮ್ಮ ಪಟ್ಟಕ್ಕೆ ಬಂದು, ಈ ಐದು ಒಲೆಯ ಕಟ್ಟಳೆಯನ್ನೇ ತೆಗೆದುಹಾಕಿದನಂತೆ. ಸುದ್ದಿ ಗುಡ್ಡಕ್ಕೂ ಬಂತು. ಹಮ್ಮಣ್ಣ ಕೇಳಿ, ಹೌದೋ ಎಂದ, ಅಷ್ಟೆ. ಬೆಳಿಗ್ಗೆ ಎದ್ದು ಈಟಿ ಹಿಡಿದು ನೆತ್ತಿಯಲ್ಲಿ ನಿಲ್ಲುವುದು, ಹಾಯಿ ಕಂಡರೆ ಕಣ್ಣಿಗೆ ಕೈ ಅಡ್ಡ ಹಿಡಿಯುವುದು, ಆಮೇಲೆ ಒಲೆ. ಮೊದಲು ತೆಂಕಣಕ್ಕೆ ನೋಡುತ್ತಿದ್ದವನು ಈಗ ಬಡಗಣಕ್ಕೆ ನೋಡುತ್ತಿದ್ದ. ಅವನಿಗೆ ದಣಿವು ಎಲುಬಿಗಿಳಿದಿತ್ತು. ನಿದ್ದೆಯಿಂದ ಹೋಗುವ ದಣಿವಲ್ಲ ಅದು.

ಮೂರನೆಯ ಕೊಯ್ಲು ಮುಗಿದ ಮೇಲೆ ಬೀರಮ್ಮ ಬಂದಳು. ಬದುಕಿದ್ದಾನೆ, ಬರುವುದಿಲ್ಲ ಎಂಬ ಸುದ್ದಿ ಅವಳಿಗೆ ಮೊದಲ ವರ್ಷವೇ ಮುಟ್ಟಿತ್ತು. ಅಲ್ಲಿ ಇನ್ನೊಬ್ಬಳು ಇದ್ದಾಳೆ ಎಂದು ಆಡಿಕೊಂಡವರೂ ಇದ್ದರು. ಊರ ಬಾಯಿಗೆ ಬಾಗಿಲಿದೆಯೇ? ಸಿಟ್ಟಿನಲ್ಲೇ ಮೂರು ದಿನ ನಡೆದು ಬಂದವಳು ಗುಡಿಸಲಿನ ಮುಂದೆ ನಿಂತು, ಕುಳಿತುಕೊಳ್ಳಲೂ ಇಲ್ಲ.

"ಗದ್ದೆ ಗೇಣಿಗೆ ಕೊಟ್ಟು ಬಂದೆ. ಎತ್ತು ಮಾರಿದೆ. ಈಗ ನೀವು ಬರೂದಾ ಇಲ್ವಾ, ಅಷ್ಟು ಹೇಳಿ."

ಹಮ್ಮಣ್ಣ ಮುಡಿ ತೋರಿಸಿ, ಇದೊಂದು ಮುಗಿದರೆ ಹೊರಟೆ ಎಂದ.

"ಅದು ಮುಗಿಯೂದಿಲ್ಲ. ದಾರಿಯಲ್ಲಿ ನಾಕು ಹೆಂಗಸರು ಸಿಕ್ಕಿದ್ರು, ನಾಕೂ ಜನರ ಸೆರಗಲ್ಲಿ ಗಂಟಿತ್ತು" ಎಂದಳು ಬೀರಮ್ಮ. "ಮಗುಚಿ ಹಾಕಿ ಅದನ್ನ. ನಿಮ್ಮ ಕೈಲಿ ಆಗದಿದ್ರೆ ನಾನು ಹಾಕ್ತೆ."

ಅವಳು ಮುಡಿಗೆ ಕೈ ಹಾಕಿಯೂ ಹಾಕಿದಳು. ಅಷ್ಟರಲ್ಲಿ ಆ ನಾಲ್ವರು ಹಿಂದಿನಿಂದ ಬಂದು ಮುಟ್ಟಿದರು, ಮುಂದೆ ಪಾರಕ್ಕ. ಬೀರಮ್ಮ ಯಾರೆಂದು ಅವಳಿಗೆ ಯಾ‌ರೂ ಹೇಳಬೇಕಾಗಲಿಲ್ಲ. ಸೆರಗಿನ ಗಂಟನ್ನು ಬಿಚ್ಚಲೋ ಬೇಡವೋ ಎಂದು ಅವಳು ಹಿಡಿದುಕೊಂಡೇ ನಿಂತಳು. ಅಕ್ಕ, ಕರಕೊಂಡು ಹೋಗೂಕೆ ಬಂದ್ಯಾ ಎಂದು ಮಾತ್ರ ಕೇಳಿದಳು. ಎರಡು ವರ್ಷದಿಂದ ಗಂಡ ಇದ್ದೂ ಇಲ್ಲದೆ ಬದುಕಿದವಳು ಬೀರಮ್ಮ, ಎದುರಿಗಿದ್ದವಳು ಗಂಡ ಇಲ್ಲದೆಯೂ ಇದ್ದಾನೆಂದು ಬದುಕುತ್ತಿದ್ದವಳು. ಒಬ್ಬಳ ಮುಖ ಒಬ್ಬಳು ನೋಡಿದರು. ಬೀರಮ್ಮ ಮುಡಿಯಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು, ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಹಿಡಿ ಹಾಕಿ ಇಳಿದು ಹೋದರು.

ಬಳಿಕ ಅವಳು ಒಲೆ ಹಚ್ಚಿದಳು. ಅಕ್ಕಿ ಅಳೆದಳು. ಇಬ್ಬರಿಗೆ ಆಗುವಷ್ಟು ಅಳೆದದ್ದು ಕಂಡು ಹಮ್ಮಣ್ಣನಿಗೆ ಗಾಬರಿಯಾಯಿತು. ಬೇಡ ಬೀರಿ, ನೀನು ತಂದ ಬುತ್ತಿ ಉಣ್ಣು, ಇದನ್ನು ಉಂಡರೆ ಏನೆಂದು ನಿನಗೆ ಗೊತ್ತಲ್ಲ ಎಂದ. ಗೊತ್ತಿದೆ, ಆ ಈಟಿ ನನ್ನ ಬಾಗಿಲಲ್ಲೂ ತೂಗಿದ್ದೇ ಎಂದು ಅವಳು ಅನ್ನ ಬಸಿದಳು. ಎರಡು ಎಲೆ ಹಾಕಿದಳು. ವಾರವಿಡೀ ಹಸಿದು ಕುಳಿತ ಮೂವತ್ತೊಂಬತ್ತು ಗಂಡಸರು ಮುಟ್ಟಲು ಹೆದರಿದ ಅನ್ನವನ್ನು ಅವಳು ಉಪ್ಪು ಕಲಸಿಕೊಂಡು ನಿಧಾನವಾಗಿ ಉಂಡಳು. ಹಮ್ಮಣ್ಣ ತನ್ನ ಎಲೆಯ ಮುಂದೆ ಕುಳಿತು ಅತ್ತ. ಸಂಕಟಕ್ಕೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ. ಉಣ್ಣಿ, ಆರ್ತದೆ ಎಂದಳು ಬೀರಮ್ಮ.

ಅಲ್ಲಿಂದ ಗುಡ್ಡದ ಕಾವಲು ಇಬ್ಬರದಾಯಿತು. ಎಷ್ಟು ವರ್ಷ ಎಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಒಂಬತ್ತು ಎನ್ನುವವರಿದ್ದಾರೆ, ಹನ್ನೆರಡು ಎನ್ನುವವರಿದ್ದಾರೆ. ಹೆಂಗಸರಲ್ಲಿ ಕೆಲವರು ಮುದುಕಿಯರಾಗಿ ತೀರಿಕೊಂಡರು. ಕೆಲವರು ಬೇರೆ ಗಂಡಸಿನ ಕೈ ಹಿಡಿದರು, ಅದನ್ನು ಯಾರೂ ತಪ್ಪೆನ್ನಲಿಲ್ಲ. ಕೆಲವರಿಗೆ ಮೂರು ದಿನ ನಡೆಯುವ ಕಾಲು ಉಳಿಯಲಿಲ್ಲ. ಕೊನೆಗೆ ಬರುವವಳು ಪಾರಕ್ಕ ಒಬ್ಬಳೇ ಆದಳು. ಒಂದು ನೂಲುಹುಣ್ಣಿಮೆಯ ದಿನ ಅವಳು ಬರಿಗೈಯಲ್ಲಿ ಬಂದಳಂತೆ, ಸೆರಗಿನಲ್ಲಿ ಗಂಟಿಲ್ಲ, ಕೈಯಲ್ಲಿ ಬಳೆಯೂ ಇಲ್ಲ. ಬಳೆಯನ್ನು ಯಾರೂ ಒಡೆಯಲಿಲ್ಲ, ಅವಳೇ ಮನೆಯಲ್ಲಿ ಕಳಚಿಟ್ಟು ಬಂದಿದ್ದಳು. ಸಾಕು ಭಾವ, ನನಗೂ ಸಾಕಾಯ್ತು, ಅಕ್ಕನ್ನ ಕರಕೊಂಡು ಮನೆಗೆ ಹೋಗಿ ಎಂದಳು. ಹಣ್ಣು ಮುದುಕನಾದ ಗುರಿಕಾರ ಡೋಲು ಇಳಿಸಿದ. ಅದರ ತೊಗಲನ್ನು ಇಲಿ ತಿಂದಿತ್ತು, ಬಡಿದರೆ ಸದ್ದಿಲ್ಲ. ಹೆಸರುಗಳನ್ನು ಮಾತ್ರ ಕೂಗಿದರು, ಗುರಿಕಾರನ ಮಗನ ಹೆಸರನ್ನು ಕೊನೆಗೆ. ಮರುದಿನ ಬೆಳಿಗ್ಗೆ ಇಬ್ಬರು ಮುದುಕರು ಬಡಗಣ ಹಾದಿ ಹಿಡಿದು ಹೋದದ್ದನ್ನು ಕಂಡವರಿದ್ದಾರೆ. ಗಂಡ ಈಟಿಯನ್ನು ಊರುಗೋಲು ಮಾಡಿಕೊಂಡಿದ್ದನಂತೆ. ಮೇಲ್ಗದ್ದೆ ಮುಟ್ಟಿದರೋ ಇಲ್ಲವೋ, ಮುಟ್ಟಿದ್ದರೆ ಅಲ್ಲಿ ಅವರಿಗೆಂದು ಏನು ಉಳಿದಿತ್ತೋ, ಅದನ್ನು ಹೇಳಬಲ್ಲವರು ಯಾರೂ ಇಲ್ಲ.

ಅವರು ಹೊರಟು ಹೋದರು ಎಂಬ ಈ ಭಾಗವನ್ನು ಹೇಳುವವರು ಗಂಡಸರು. ತೊರೆಬಾಗಿಲಿನ ಹೆಂಗಸರು ಅದನ್ನು ಒಪ್ಪುವುದಿಲ್ಲ, ಅವರಿಬ್ಬರ ಕಾವಲು ಇನ್ನೂ ಮುಗಿದಿಲ್ಲ ಎನ್ನುತ್ತಾರೆ. ಅವರ ಗಂಡಂದಿರು ಮಕ್ಕಳು ಈಗ ಯಾಂತ್ರಿಕ ದೋಣಿಗಳಲ್ಲಿ ಹತ್ತು ಹದಿನೈದು ದಿನಗಟ್ಟಲೆ ಕಡಲಿಗೆ ಹೋಗುತ್ತಾರೆ. ಮಳೆಗಾಲದ ಮೀನುಗಾರಿಕೆಯ ತಡೆ ತೆರವಾಗಿ ದೋಣಿಗಳು ಮೊದಲ ಸಲ ಅಳಿವೆ ದಾಟುವ ಬೆಳಿಗ್ಗೆ ಗುಡ್ಡ ಹತ್ತಿದರೆ ಯಾರು ಬೇಕಾದರೂ ನೋಡಬಹುದು. ಟವರಿನ ಬೇಲಿಯಾಚೆ, ನೆತ್ತಿಯ ಬಡಗಣ ಅಂಚಿನಲ್ಲಿ ತಟ್ಟೆಯಷ್ಟು ಅಗಲಕ್ಕೆ ತಗ್ಗಾದ ಒಂದು ಮುರಕಲ್ಲಿದೆ. ಹೆಂಗಸರು ಅದರ ಮೇಲೆ ತಲಾ ಒಂದು ಹಿಡಿ ಅಕ್ಕಿ ಹಾಕುತ್ತಾರೆ. ಪೂಜೆಯಿಲ್ಲ, ಮಂತ್ರವಿಲ್ಲ, ಕಾಗೆ ಅಳಿಲು ತಿನ್ನುವುದಕ್ಕೆ ಅಡ್ಡಿಯೂ ಇಲ್ಲ. ಹಾಕಿದವರು ಇಳಿಯುವ ಮೊದಲು ಬಗ್ಗಿ ಅದರಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ, ಜಗಿಯುತ್ತಲೇ ಇಳಿದು ಹೋಗುತ್ತಾರೆ. ಈಚೆಗೆ ಬಂದ ಒಬ್ಬ ಪರವೂರಿನವನು ಅದನ್ನು ಕಂಡು, ಇಟ್ಟದ್ದನ್ನು ಮತ್ತೆ ನೀವೇ ಏಕೆ ತಿನ್ನುತ್ತೀರಿ ಎಂದು ಕೇಳಿದನಂತೆ. ಮೀನುಬುಟ್ಟಿ ಸೊಂಟಕ್ಕಿಟ್ಟುಕೊಂಡಿದ್ದ ಒಬ್ಬ ಹೆಂಗಸು ನಿಂತು, ಇಷ್ಟೂ ತಿಳಿಯದೇ ಎಂಬಂತೆ ಅವನನ್ನು ನೋಡಿ ಹೇಳಿದಳು: "ಅವರಿಬ್ಬರೇ ಎಷ್ಟಂತ ಉಣ್ಣೂದು, ಪಾಪ."